ದೂರದ ಯಂತ್ರಕ್ಕೆ ಬರೆದ ಕಾಗದ

(ಬಾನುಲಿ ಭಾಷಣದ ಪಠ್ಯ)

ಗಣಕಯಂತ್ರದ ವಿಷಯ ಹೇಳಹೊರಟವನು ಅಜ್ಜಿಯ ಪ್ರಸ್ತಾಪದಿಂದ ಆರಂಭಿಸುತ್ತಿದ್ದಾನಲ್ಲ ಎಂದು ನೀವು ಆಶ್ಚರ್ಯಪಡಬಹುದು. ಆದರೆ ಈ ಹೊತ್ತು ನಾನು ಹೇಳಬೇಕೆಂದಿರುವ ಮಾತನ್ನು ನನಗೆ ಮೊಟ್ಟಮೊದಲು ಕಲಿಸಿದವರು ಓದುಬರಹ ಬಾರದ ನಮ್ಮ ಅಜ್ಜಿಯೇ ಆದದ್ದರಿಂದ ಬೇರೆ ದಾರಿಯಿಲ್ಲ.

1960ರ ದಶಕದ ಮಾತು. ನಮ್ಮ ಚಿಕ್ಕಪ್ಪ ಬೊಂಬಾಯಿಯಲ್ಲಿ ಗುಮಾಸ್ತರಾಗಿದ್ದರು. ತಿಂಗಳಿಗೊಮ್ಮೆ ಶಾಲೆಯ ಮೇಷ್ಟ್ರು ನಮ್ಮ ಮನೆಯ ಜಗುಲಿಗೆ ಬಂದು ಕೂರುವರು. ಅಜ್ಜಿ ಹೇಳುವರು, ಮೇಷ್ಟ್ರು ಬರೆಯುವರು. ಮುಗಿದ ಮೇಲೆ ಅಜ್ಜಿ, “ಬರೆದದ್ದನ್ನು ಒಂದು ಸಲ ಓದಿ ಮೇಷ್ಟ್ರೇ” ಎನ್ನುವರು. ಮೇಷ್ಟ್ರು ಓದುವರು. ಅವರು ಕಾಫಿ ಕುಡಿದು ಹೊರಟ ಮೇಲೆ, ಕಾಗದವನ್ನು ಅಂಚೆಗೆ ಹಾಕುವ ಮೊದಲು, ಮೂರನೆಯ ತರಗತಿಯಲ್ಲಿದ್ದ ನನ್ನನ್ನು ನಡುಮನೆಗೆ ಕರೆದು ಅದನ್ನೇ ಮತ್ತೊಮ್ಮೆ ಓದಿಸುವರು. ಒಮ್ಮೆ ಹೀಗಾಯಿತು. “ಗೌರಿ ಹಬ್ಬಕ್ಕೆ ಬರಲೇಬೇಕು” ಎಂದು ಅಜ್ಜಿ ಹೇಳಿದ್ದರು. ಕಾಗದದಲ್ಲಿ “ಅನುಕೂಲವಾದಲ್ಲಿ ಹಬ್ಬಕ್ಕೆ ಬಂದುಹೋಗುವುದು” ಎಂದಿತ್ತು. ಮೇಷ್ಟ್ರು ಓದಿಹೇಳುವಾಗ ಮಾತ್ರ “ಬರಲೇಬೇಕು” ಎಂದೇ ಓದಿದ್ದರು!

ಅವರಲ್ಲಿ ಕಪಟವೇನೂ ಇರಲಿಲ್ಲ. ಕಾಗದದ ಒಕ್ಕಣೆ ಇಷ್ಟು ಖಂಡತುಂಡವಾಗಿರಬಾರದೆಂಬ ರೂಢಿ ಅವರ ಕೈಗೆ ಹತ್ತಿತ್ತು. ಓದುವಾಗ ಕಣ್ಣು ಕಾಗದದ ಮೇಲಿದ್ದರೂ ಕಿವಿಯಲ್ಲಿ ಅಜ್ಜಿಯ ಮಾತೇ ನಿಂತಿತ್ತು. ಅಜ್ಜಿ ಸಿಟ್ಟಾಗಲಿಲ್ಲ. ನನ್ನಿಂದಲೇ ಆ ಸಾಲನ್ನು ಹೊಡೆದುಹಾಕಿಸಿ, ಮೇಲೆ ಸರಿಯಾಗಿ ಬರೆಸಿ, ಅಂಚೆಗೆ ಕಳುಹಿಸಿದರು. ಮುಂದಿನ ತಿಂಗಳು ಮತ್ತೆ ಅದೇ ಮೇಷ್ಟ್ರನ್ನು ಕರೆಸಿದರು.

ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಮಾಡಿದ ಉದ್ಯೋಗವೂ ಒಂದು ಬಗೆಯಲ್ಲಿ ಕಾಗದ ಬರೆಸುವುದೇ. ವಿಮಾನದ ಒಡಲಲ್ಲಿ ಕುಳಿತು ಅಳೆಯುವ, ಎಚ್ಚರಿಸುವ, ನಡೆಸುವ ಪುಟ್ಟ ಗಣಕಗಳಿಗೆ ಕೆಲಸದ ಕ್ರಮವನ್ನು ಬರೆದು ಕಳುಹಿಸುವುದು ನನ್ನ ಪಾಲಿಗೆ ಬಂದ ಕಸಬು. ಈ ಕ್ರಮಕ್ಕೆ ಪ್ರೋಗ್ರಾಮು ಎಂದು ಹೆಸರು. ಗಣಕಕ್ಕೆ ತಿಳಿಯುವ ಭಾಷೆಯಲ್ಲಿ ಒಂದು ಮತ್ತು ಸೊನ್ನೆಗಳ ಹೊರತು ಮತ್ತೇನೂ ಇಲ್ಲ. ಮನುಷ್ಯ ಅದರಲ್ಲಿ ಬರೆಯುವುದು ಅಸಾಧ್ಯವಲ್ಲದಿದ್ದರೂ ಕಡುಕಷ್ಟ. ಆದ್ದರಿಂದ ನಾವು ಮನುಷ್ಯರ ಮಾತಿಗೆ ಕೊಂಚ ಹತ್ತಿರವಾದ ಭಾಷೆಯೊಂದರಲ್ಲಿ ಬರೆಯುತ್ತೇವೆ. ಅದನ್ನು ಯಂತ್ರಭಾಷೆಗೆ ತಿರುಗಿಸಲು ಇನ್ನೊಂದು ಪ್ರೋಗ್ರಾಮಿದೆ. ಅದೇ ಕಂಪೈಲರ್. 1952ರಲ್ಲಿ ಇಂಥ ಮೊದಲ ಸಾಧನವೊಂದನ್ನು ಕಟ್ಟಿದ ಅಮೆರಿಕದ ಗ್ರೇಸ್ ಹಾಪರ್ ಅದಕ್ಕೆ ಆ ಹೆಸರಿಟ್ಟದ್ದು, ಸಿದ್ಧವಾಗಿದ್ದ ತುಣುಕುಗಳನ್ನು ಅದು ಸಂಗ್ರಹಿಸಿ ಜೋಡಿಸುತ್ತಿದ್ದುದರಿಂದ. ಇಂದಿನ ಕಂಪೈಲರ್ ಬರಿಯ ಸಂಗ್ರಾಹಕನಾಗಿ ಉಳಿದಿಲ್ಲ, ಪೂರ್ಣ ಅನುವಾದಕನಾಗಿದೆ.

ಸಾಮಾನ್ಯವಾಗಿ ಕಂಪೈಲರ್ ತಾನು ಕುಳಿತಿರುವ ಯಂತ್ರದ ಭಾಷೆಗೇ ಅನುವಾದ ಮಾಡುತ್ತದೆ. ಆದರೆ ವಿಮಾನದ ಪುಟ್ಟ ಗಣಕಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ, ಕಂಪೈಲರ್‌ನಂಥ ಭಾರಿ ಪ್ರೋಗ್ರಾಮನ್ನು ಹೊರುವಷ್ಟು ನೆನಪಿನ ಜಾಗವಿಲ್ಲ. ಇದ್ದರೂ ಅಲ್ಲಿ ಅದಕ್ಕೆ ಎಡೆಕೊಡುವಂತಿಲ್ಲ. ಹಾರಾಟಕ್ಕೆ ಬೇಕಾದದ್ದರ ಹೊರತು ಬೇರೊಂದು ಸಾಲೂ ಆ ಯಂತ್ರದಲ್ಲಿರಬಾರದು. ಹೀಗಾಗಿ ಬರವಣಿಗೆಯೂ ಅನುವಾದವೂ ನಡೆಯುವುದು ನಮ್ಮ ಮೇಜಿನ ಮೇಲಿನ ಗಣಕದಲ್ಲಿ. ಹುಟ್ಟುವ ಪಠ್ಯ ಮಾತ್ರ ಎಲ್ಲೋ ಇರುವ ಇನ್ನೊಂದು ಜಾತಿಯ ಯಂತ್ರದ ಭಾಷೆಯಲ್ಲಿ. ಈ ಬಗೆಯ ಅನುವಾದಕನಿಗೆ ಕ್ರಾಸ್ ಕಂಪೈಲರ್ ಎನ್ನುತ್ತಾರೆ. ‘ಪರಯಂತ್ರಾನುವಾದಕ’ ಎಂದರೆ ನಮ್ಮ ಕಿವಿಗೆ ಒಗ್ಗೀತು. ಅದು ಬರೆದುಕೊಟ್ಟದ್ದನ್ನು ನಮ್ಮ ಮೇಜಿನ ಯಂತ್ರ ನೇರವಾಗಿ ನಡೆಸಲಾರದು. ಮೇಷ್ಟ್ರ ಕಾಗದದ ಮುಂದೆ ಅಜ್ಜಿ ಕುಳಿತಂತೆ ನಾವು ಕೂತಿರುತ್ತೇವೆ.

ಅನುವಾದವನ್ನು ನಂಬುವುದು ಕನ್ನಡಿಗರಿಗೆ ಹೊಸದೇನಲ್ಲ. ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರ ಕನ್ನಡದಲ್ಲಿ ಓದಿದ ನಮ್ಮ ಹಿರಿಯರಲ್ಲಿ ಬಂಗಾಳಿ ಬಲ್ಲವರು ಎಷ್ಟು ಮಂದಿ ಇದ್ದಾರು? ಅವರು ಅನುವಾದಕರನ್ನು ನಂಬಿದರು, ಅದರಿಂದ ಲಾಭವನ್ನೇ ಪಡೆದರು. ಕಾದಂಬರಿಯಲ್ಲಿ ಪದವೊಂದು ಅತ್ತಿತ್ತಾದರೆ ರಸಕ್ಕೆ ಅಷ್ಟಿಷ್ಟು ಊನ ಬಂದೀತು, ಅಷ್ಟೆ. ಯಂತ್ರದ ಅನುವಾದದಲ್ಲಿ ಪದವೊಂದು ಅತ್ತಿತ್ತಾದರೆ ಆಗುವ ನಷ್ಟವನ್ನು ಅನುಭವಿಸುವವರು, ಅಂಥ ಪಠ್ಯವೊಂದು ಇದೆಯೆಂಬುದನ್ನೇ ಅರಿಯದೆ ಕಿಟಕಿಯ ಪಕ್ಕದಲ್ಲಿ ಕುಳಿತು ಮೋಡ ನೋಡುತ್ತಿರುವ ಪ್ರಯಾಣಿಕರು.

ಇನ್ನೊಂದು ತೊಡಕಿದೆ. ಇಂಥ ಯಂತ್ರದಲ್ಲಿ ಉತ್ತರ ಸರಿಯಾಗಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ನಮ್ಮ ಮೇಜಿನ ಗಣಕ ಒಂದು ನಿಮಿಷ ತಡಮಾಡಿದರೆ ನಾವು ಎದ್ದು ಕಾಫಿ ಕುಡಿದು ಬರುತ್ತೇವೆ. ವಿಮಾನದ ರೆಕ್ಕೆಯ ಪಟ್ಟಿಗಳನ್ನು ಸೆಕೆಂಡಿಗೆ ಹತ್ತಾರು ಸಲ ಸರಿಹೊಂದಿಸುವ ಗಣಕಕ್ಕೆ ಆ ಸೌಕರ್ಯವಿಲ್ಲ. ಅಲ್ಲಿ ತಡವಾಗಿ ಬಂದ ಸರಿಯುತ್ತರವೂ ತಪ್ಪುತ್ತರವೇ. ಹೊತ್ತಿನ ಈ ಶಿಸ್ತನ್ನು ನೋಡಿಕೊಳ್ಳುವುದಕ್ಕೆಂದೇ ಪ್ರೋಗ್ರಾಮುಗಳ ಮೇಲೊಬ್ಬ ಮೇಲ್ವಿಚಾರಕನಿರುತ್ತಾನೆ. ಅವನೇ ಕಾಲಬದ್ಧ ಆಪರೇಟಿಂಗ್ ಸಿಸ್ಟಂ. ನಮ್ಮ ಕೆರೆಯ ಕೆಳಗಿನ ಊರುಗಳ ನೀರುಗಂಟಿಯನ್ನು ನೆನೆದರೆ ಇವನ ಕೆಲಸ ತಿಳಿಯುತ್ತದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮೊದಲು ಎಂಬುದು ಅವನ ಕೈಯಲ್ಲಿ. ಇಂದಿನ ವಿಮಾನಗಳಲ್ಲಿ ಬಳಕೆಯಲ್ಲಿರುವ ಆರಿಂಕ್ 653 ಎಂಬ ಪದ್ಧತಿಯಲ್ಲಿ ಒಂದೊಂದು ಕೆಲಸಕ್ಕೂ ಗೊತ್ತಾದ ಹೊತ್ತು, ಗೊತ್ತಾದ ನೆನಪಿನ ಜಾಗ. ಒಬ್ಬನ ಬದು ಒಡೆದರೆ ಪಕ್ಕದವನ ಪೈರು ಕೊಚ್ಚಿಹೋಗಬಾರದು ಎಂಬುದು ಅದರ ತಾತ್ಪರ್ಯ.

ಕಾಣದ ಯಂತ್ರಕ್ಕೆ ಹೀಗೆ ಬರೆದು ಕಳುಹಿಸಿದವರಲ್ಲಿ ಮೊದಲಿಗರ ಕಥೆ ಬಹು ಸ್ವಾರಸ್ಯವಾದದ್ದು. ಚಂದ್ರನಲ್ಲಿಗೆ ಹೋದ ಅಪೋಲೊ ನೌಕೆಯ ಗಣಕ ಸುಮಾರು 32 ಕಿಲೋ ತೂಗುತ್ತಿತ್ತು. ಅದರ ಸ್ಥಿರ ನೆನಪಿಗೆ ಹಿಡಿಸುತ್ತಿದ್ದುದು 36,864 ಪದಗಳು. ಅಳಿಸಿ ಬರೆಯಲು ಇದ್ದದ್ದು 2,048 ಪದಗಳ ಜಾಗ ಮಾತ್ರ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ಇಂಜಿನಿಯರರು ಪ್ರೋಗ್ರಾಮನ್ನು ಬರೆದರು. ಅದನ್ನು ನೌಕೆಯ ಗಣಕದ ಭಾಷೆಗೆ ತಿರುಗಿಸುವ ಕೆಲಸ ಕೋಣೆ ತುಂಬುವ ದೊಡ್ಡ ಗಣಕದ್ದು. ಹಾಗೆ ತಿರುಗಿಸಿದ್ದು ವಾಲ್ಥಮ್ ಎಂಬ ಊರಿನ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ನುರಿತ ಹೆಂಗಸರು ಎದುರುಬದುರು ಕುಳಿತು ತಾಮ್ರದ ತಂತಿಯನ್ನು ಸೂಜಿಯಿಂದ ಪುಟ್ಟ ಕಾಂತದ ಬಳೆಗಳ ನಡುವೆ ಹಾಯಿಸುವರು. ತಂತಿ ಬಳೆಯ ಒಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಪ್ರೋಗ್ರಾಮನ್ನು ಅಕ್ಷರಶಃ ನೇಯುತ್ತಿದ್ದರು. ನೇಯ್ದ ಮೇಲೆ ತಿದ್ದುವುದೆಂದರೆ ಬಿಚ್ಚಿ ಮತ್ತೆ ನೇಯಬೇಕು, ವಾರಗಟ್ಟಲೆಯ ದುಡಿಮೆ. ಆದ್ದರಿಂದ ನೇಯ್ಗೆಗೆ ಕಳುಹಿಸುವ ಮೊದಲೇ, ನೌಕೆಯ ಗಣಕ ಹೇಗೆ ನಡೆದುಕೊಳ್ಳುವುದೋ ಅದನ್ನು ಹೆಜ್ಜೆಹೆಜ್ಜೆಗೂ ಅನುಕರಿಸುವ ಇನ್ನೊಂದು ಪ್ರೋಗ್ರಾಮನ್ನು ದೊಡ್ಡ ಗಣಕದಲ್ಲಿ ಕಟ್ಟಿ, ಅದರ ಮೇಲೆ ಓಡಿಸಿ ನೋಡುತ್ತಿದ್ದರು.

1969ರ ಜುಲೈ 20ರಂದು ಚಂದ್ರನ ನೆಲಕ್ಕೆ ಇಳಿಯುತ್ತಿರುವಾಗ ಆ ಗಣಕ 1202 ಎಂಬ ಎಚ್ಚರಿಕೆಯ ಸಂಖ್ಯೆಯನ್ನು ತೋರಿಸಿತು. ಬೇಡವಾಗಿದ್ದ ರೇಡಾರಿನ ಸಂಕೇತಗಳು ಅದರ ಹೊತ್ತನ್ನು ಕದಿಯುತ್ತಿದ್ದವು, ಕೆಲಸ ಕೈಮೀರಿತ್ತು. ಹಾಲ್ ಲ್ಯಾನಿಂಗ್ ಎಂಬವರು ರೂಪಿಸಿದ್ದ ಅದರ ಮೇಲ್ವಿಚಾರಕ ಪ್ರೋಗ್ರಾಮು ಆಗ ಗಾಬರಿಬೀಳಲಿಲ್ಲ. ಕ್ಷಣಮಾತ್ರದಲ್ಲಿ ತನ್ನನ್ನು ತಾನೇ ಹೊಸದಾಗಿ ಆರಂಭಿಸಿಕೊಂಡು, ಕಡಿಮೆ ಮುಖ್ಯವಾದ ಕೆಲಸಗಳನ್ನು ಕೈಬಿಟ್ಟು, ಇಳಿಯುವ ಲೆಕ್ಕವನ್ನು ಮುಂದುವರಿಸಿತು. ಬರ ಬಂದಾಗ ಒಳ್ಳೆಯ ನೀರುಗಂಟಿ ಕಬ್ಬನ್ನು ಬಿಟ್ಟು ಬತ್ತದ ಸಸಿಮಡಿಯನ್ನು ಉಳಿಸಿದಂತೆ.

ಇಷ್ಟು ಪೀಠಿಕೆಯಾದ ಮೇಲೆ ನನ್ನದೊಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಇದು 1990ರ ದಶಕದ ಕೊನೆಯ ಭಾಗದಲ್ಲಿ ಬೆಂಗಳೂರಿನಲ್ಲಿ ನಡೆದದ್ದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ನಾವು ಮಾಡುತ್ತಿದ್ದದ್ದು ಒಂದು ಸಣ್ಣ ಉಪಕರಣ. ಹೊರಗಿನ ಗಾಳಿಯ ಉಷ್ಣತೆಯನ್ನು ಅಳೆದು, ಅದು ಒಂದು ಮಿತಿಗಿಂತ ಕೆಳಗಿಳಿದರೆ, ಹಿಮ ಕಟ್ಟುವ ಸಂಭವವಿದೆಯೆಂದು ಚಾಲಕನ ಮುಂದೆ ದೀಪ ಹೊತ್ತಿಸುವುದು ಅದರ ಕೆಲಸ. ಪ್ರೋಗ್ರಾಮು ನನ್ನದು, ಸಿ ಎಂಬ ಭಾಷೆಯಲ್ಲಿ ಬರೆದದ್ದು. ಉಪಕರಣದ ಮಾದರಿ ನಮ್ಮಲ್ಲಿ ಒಂದೇ ಇತ್ತು; ಮೂರು ತಂಡಗಳು ಅದಕ್ಕಾಗಿ ಕಾದಿರುತ್ತಿದ್ದವು. ಆದ್ದರಿಂದ ಅದೇ ಪ್ರೋಗ್ರಾಮನ್ನು ಮೇಜಿನ ಗಣಕದ ಭಾಷೆಗೆ ತಿರುಗಿಸಿ, ಹತ್ತು, ಐದು, ಸೊನ್ನೆ, ಸೊನ್ನೆಯ ಕೆಳಗೆ ಐದು, ಇಪ್ಪತ್ತು, ನಲವತ್ತು ಎಂದು ಅಂಕಿಗಳನ್ನು ಕೊಟ್ಟು ಪರೀಕ್ಷಿಸಿದೆ. ದೀಪ ಹೊತ್ತಬೇಕಾದಲ್ಲಿ ಹೊತ್ತಿತು. ಬಳಿಕ ಪರಯಂತ್ರಾನುವಾದ ಮಾಡಿ ಉಪಕರಣಕ್ಕೆ ತುಂಬಿ ನೋಡಿದೆ. ಕೋಣೆಯ ಉಷ್ಣತೆಯನ್ನು ಸರಿಯಾಗಿ ತೋರಿಸಿತು. ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದವೆಂದು ವರದಿ ಬರೆದು ರುಜು ಹಾಕಿದೆ.

ನಮ್ಮ ಪ್ರಯೋಗಾಲಯದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ತಂತ್ರಜ್ಞರೊಬ್ಬರಿದ್ದರು. ಪ್ರೋಗ್ರಾಮಿನ ಭಾಷೆ ಅವರಿಗೆ ಬಾರದು. ವರದಿಯ ಕೆಳಗೆ ಅವರದೂ ರುಜು ಬೇಕಾಗಿತ್ತು. ಅವರು ಓದಿ ನೋಡಿ ಕಾಗದವನ್ನು ಹಾಗೆಯೇ ಮೇಜಿನ ಮೇಲಿಟ್ಟು, “ಸಾರ್, ಸೊನ್ನೆಗಿಂತ ಕೆಳಗಿನದನ್ನು ನೀವು ನೋಡಿದ್ದು ಮೇಜಿನ ಯಂತ್ರದಲ್ಲಿ. ಮೇಲಕ್ಕೆ ಹೋಗೋದು ಮೇಜಲ್ಲವಲ್ಲ” ಎಂದರು. ನನಗೆ ಒಳಗೊಳಗೇ ರೇಗಿತು. ಪ್ರೋಗ್ರಾಮು ಒಂದೇ ಅಲ್ಲವೇ ಎಂದೆ. ಅವರು ವಾದಕ್ಕೆ ಬರಲಿಲ್ಲ. ಆ ಸಂಜೆ ಉಳಿದವರೆಲ್ಲ ಮನೆಗೆ ಹೋದ ಮೇಲೆ ಉಪಕರಣವನ್ನು ಶೀತಲ ಪೆಟ್ಟಿಗೆಯೊಳಗಿಟ್ಟು ಉಷ್ಣತೆಯನ್ನು ಇಳಿಸುತ್ತ ಬಂದರು. ನಾನು ಪಕ್ಕದಲ್ಲಿ ನಿಂತಿದ್ದೆ. ಮೂರು, ಎರಡು, ಒಂದು, ಸೊನ್ನೆ. ದೀಪ ಹೊತ್ತಿತು. ನನ್ನ ಮುಖದಲ್ಲಿ ನಗೆ ಬಂದಿರಬೇಕು. ಪೆಟ್ಟಿಗೆಯ ಉಷ್ಣತೆ ಇನ್ನೂ ಇಳಿಯಿತು. ಸೊನ್ನೆ ದಾಟಿತೋ ಇಲ್ಲವೋ, ದೀಪ ಆರಿಹೋಯಿತು. ಎಲ್ಲಿ ಹಿಮ ನಿಜವಾಗಿ ಕಟ್ಟುವುದೋ ಅಲ್ಲಿಯೇ ನನ್ನ ಉಪಕರಣ ಸುಮ್ಮನಾಗಿತ್ತು.

ಕಾರಣ ಸಿಕ್ಕಲು ರಾತ್ರಿ ಬಹಳ ಹೊತ್ತಾಯಿತು. ಸಿ ಭಾಷೆಯಲ್ಲಿ ‘ಚಾರ್’ ಎಂಬ ಒಂದು ಚಿಕ್ಕ ಪಾತ್ರೆಯಿದೆ. ಎಂಟು ಒಂದು-ಸೊನ್ನೆಗಳು ಅದರಲ್ಲಿ ಹಿಡಿಯುತ್ತವೆ. ಅದರಲ್ಲಿರುವ ಅಂಕಿಗೆ ಋಣ ಚಿಹ್ನೆ ಉಂಟೋ ಇಲ್ಲವೋ ಎಂಬುದನ್ನು ಆ ಭಾಷೆಯ ನಿಯಮ ಗೊತ್ತುಮಾಡಿಲ್ಲ. ಒಂದೊಂದು ಯಂತ್ರದ ಅನುವಾದಕನ ರೂಢಿಗೆ ಬಿಟ್ಟಿದೆ. ನನ್ನ ಮೇಜಿನ ಗಣಕದ ಇಂಟೆಲ್ ಚಿಪ್ಪಿನ ಕಂಪೈಲರ್ ‘ಉಂಟು’ ಎಂದು ತಿಳಿಯುತ್ತಿತ್ತು. ಉಪಕರಣದೊಳಗಿನ ಪವರ್‌ಪಿಸಿ ಚಿಪ್ಪಿನ ಕಂಪೈಲರ್ ‘ಇಲ್ಲ’ ಎಂದು ತಿಳಿಯುತ್ತಿತ್ತು. 11111011 ಎಂಬ ಒಂದೇ ಬರಹವನ್ನು ಮೊದಲನೆಯದು ಸೊನ್ನೆಯ ಕೆಳಗೆ 5 ಎಂದು ಓದಿತು, ಎರಡನೆಯದು 251 ಎಂದು ಓದಿತು. ಉಷ್ಣತೆ 251 ಡಿಗ್ರಿ ಇರುವಾಗ ಹಿಮದ ಎಚ್ಚರಿಕೆ ಏಕೆ? ಯಂತ್ರದ ತರ್ಕದಲ್ಲಿ ದೋಷವಿರಲಿಲ್ಲ. ಎರಡು ಅನುವಾದಗಳೂ ವ್ಯಾಕರಣಶುದ್ಧವಾಗಿದ್ದವು. ನನ್ನ ಮೂಲವೇ ಎರಡರ್ಥಕ್ಕೆ ಎಡೆಗೊಟ್ಟಿತ್ತು. ತಿದ್ದುವುದಕ್ಕೆ ಬೇಕಾದದ್ದು ಒಂದೇ ಒಂದು ಪದ. ಆ ಪಾತ್ರೆಯ ಮುಂದೆ ‘ಚಿಹ್ನೆ ಉಂಟು’ ಎಂದು ಸ್ಪಷ್ಟವಾಗಿ ಬರೆಯುವುದು.

ಆ ರಾತ್ರಿ ನನ್ನನ್ನು ಕಾಡಿದ್ದು ಆ ಪದವಲ್ಲ, ನನ್ನ ರುಜು. ಅದರಲ್ಲಿ ಸುಳ್ಳಿನ ಅಂಶ ಎಲ್ಲೂ ಇರಲಿಲ್ಲ. ಸೊನ್ನೆಯ ಕೆಳಗಿನ ಅಂಕಿಗಳನ್ನು ನಾನು ಪರೀಕ್ಷಿಸಿದ್ದು ನಿಜ. ಉಪಕರಣವನ್ನು ಪರೀಕ್ಷಿಸಿದ್ದೂ ನಿಜ. ಆದರೆ ಉಪಕರಣವನ್ನು ಸೊನ್ನೆಯ ಕೆಳಗೆ ಪರೀಕ್ಷಿಸಿರಲಿಲ್ಲ. ಎರಡು ಅರ್ಧಸತ್ಯಗಳನ್ನು ಕೂಡಿಸಿ ಒಂದು ಪೂರ್ಣಸತ್ಯವೆಂದು ಬರೆದಿದ್ದೆ. ಬೆಂಗಳೂರಿನ ಹವೆಯಲ್ಲಿ ಆ ಉಪಕರಣ ನೂರು ವರ್ಷ ನಡೆದಿದ್ದರೂ ತಪ್ಪು ಹೊರಬೀಳುತ್ತಿರಲಿಲ್ಲ. ಮುಂದಿನ ಯಾವುದೋ ಹಂತದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು ಎಂದು ಗೆಳೆಯರು ಸಮಾಧಾನ ಹೇಳಿದರು. ಪ್ರತಿಯೊಬ್ಬನೂ ಮುಂದಿನವನನ್ನು ನಂಬಿ ರುಜು ಹಾಕುತ್ತ ಹೋದರೆ ಕೊನೆಯವನ ಮುಂದೆ ಯಾರಿರುತ್ತಾರೆ? ಮರುದಿನ ವರದಿಯನ್ನು ನಾನೇ ಹಿಂದಕ್ಕೆ ಪಡೆದು, ಕಾರಣವನ್ನು ಬರೆದು ಸಲ್ಲಿಸಿದೆ. ಅದೇ ಅಭ್ಯಾಸದಲ್ಲಿ ಬರೆದಿದ್ದ ಇನ್ನೂ ಹಲವು ಸಾಲುಗಳು ಹುಡುಕಿದಾಗ ಸಿಕ್ಕವು. ಆ ತಂತ್ರಜ್ಞರು ಈ ವಿಷಯವನ್ನು ಯಾರ ಮುಂದೆಯೂ ಆಡಿಕೊಳ್ಳಲಿಲ್ಲ.

ನನ್ನ ಪ್ರಸಂಗದಲ್ಲಿ ಅನುವಾದಕ ನಿರ್ದೋಷಿ. ಎಲ್ಲ ಸಲವೂ ಹಾಗಿರುವುದಿಲ್ಲ. ಕಂಪೈಲರ್ ಜಾಣ ಅನುವಾದಕ. ಪುನರುಕ್ತಿ ಕಂಡರೆ ಬಿಟ್ಟುಬಿಡುತ್ತದೆ, ವೇಗಕ್ಕಾಗಿ ಸಾಲುಗಳ ಕ್ರಮ ಬದಲಿಸುತ್ತದೆ. ಅಳತೆಯ ಸಾಧನವೊಂದನ್ನು ಹತ್ತು ಸಲ ಓದು ಎಂದು ನಾವು ಬರೆದರೆ, ಒಂದೇ ಜಾಗವನ್ನು ಹತ್ತು ಸಲ ಓದುವುದೇಕೆಂದು ಒಂದು ಸಲ ಓದಿ ಸುಮ್ಮನಾಗಬಹುದು. ಹೊರಗಿನ ಲೋಕ ಕ್ಷಣಕ್ಷಣಕ್ಕೂ ಬದಲಾಗುತ್ತದೆಂಬುದು ಅದಕ್ಕೆ ತಿಳಿಯದು. ಹಾಗೆ ಮಾಡಬೇಡವೆಂದು ಹೇಳುವುದಕ್ಕೆ ಆ ಭಾಷೆಯಲ್ಲಿ ಒಂದು ಪದವೇ ಇದೆ. ಆದರೆ 2008ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 13 ಕಂಪೈಲರುಗಳನ್ನು ಪರೀಕ್ಷಿಸಿದಾಗ, ಆ ಪದವಿದ್ದ ಕಡೆ ಹದಿಮೂರೂ ಒಂದಲ್ಲ ಒಂದು ಸಲ ತಪ್ಪಿದ್ದವು. ಅದೇ ವಿಶ್ವವಿದ್ಯಾಲಯದವರು, ಮನಬಂದಂತೆ ಸಾವಿರಾರು ಪ್ರೋಗ್ರಾಮುಗಳನ್ನು ಹುಟ್ಟಿಸಿ ಹಲವು ಕಂಪೈಲರುಗಳಿಗೆ ಉಣಿಸಿ, ಉತ್ತರಗಳನ್ನು ಹೋಲಿಸಿ ನೋಡಿ, ಅದುವರೆಗೆ ಯಾರೂ ಅರಿಯದಿದ್ದ 325ಕ್ಕೂ ಹೆಚ್ಚು ದೋಷಗಳನ್ನು ಕಂಡುಹಿಡಿದಿದ್ದುದನ್ನು 2011ರಲ್ಲಿ ಪ್ರಕಟಿಸಿದರು. ಫ್ರಾನ್ಸಿನಲ್ಲಿ ಝೇವಿಯೆ ಲೆರ್ವಾ ಅವರ ಮುಂದಾಳುತನದಲ್ಲಿ ಕಟ್ಟಿದ ಕಾಂಪ್‌ಸರ್ಟ್ ಎಂಬ ಕಂಪೈಲರ್ ಮಾತ್ರ ಬೇರೆ ಬಗೆಯದು. ಮೂಲದ ಅರ್ಥ ಅನುವಾದದಲ್ಲಿ ಕೆಡುವುದಿಲ್ಲವೆಂಬುದನ್ನು ಗಣಿತದ ಪ್ರಮೇಯದಂತೆ ಅದಕ್ಕೆ ಸಾಧಿಸಿ ತೋರಿಸಲಾಗಿತ್ತು. ಹಾಗೆ ಸಾಧಿಸಿದ್ದ ನಡುಭಾಗದಲ್ಲಿ ಈ ಪರೀಕ್ಷಕರಿಗೆ ತಪ್ಪು ಅನುವಾದ ಒಂದೂ ಸಿಗಲಿಲ್ಲ. ಸಾಧಿಸದೆ ಬಿಟ್ಟಿದ್ದ ಅಂಚುಗಳಲ್ಲಿ ಕೆಲವು ಸಿಕ್ಕವು.

ಅನುವಾದಕ ಕೈತಪ್ಪಿ ಎಡವುವುದು ಒಂದು. ಬೇಕೆಂದೇ ವಂಚಿಸುವುದು ಇನ್ನೊಂದು. ಯೂನಿಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ, 1984ರಲ್ಲಿ ಅಚ್ಚಾದ ಭಾಷಣದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಕಂಪೈಲರ್‌ನೊಳಗೆ ಒಂದು ಕಳ್ಳಗಿಂಡಿಯನ್ನು ಅಡಗಿಸಿ, ಆ ಕಂಪೈಲರ್ ಮುಂದೆ ತನ್ನನ್ನೇ ಅನುವಾದಿಸಿಕೊಳ್ಳುವಾಗಲೂ ಅದು ತಾನಾಗಿ ಉಳಿದುಬರುವಂತೆ ಮಾಡಬಹುದು. ಆಮೇಲೆ ಮೂಲಪಠ್ಯವನ್ನು ಎಷ್ಟು ಸಲ ಓದಿದರೂ ಅದರ ಸುಳಿವು ಸಿಗದು. ಇದಕ್ಕೆ ಡೇವಿಡ್ ವ್ಹೀಲರ್ ಎಂಬವರು 2005ರಲ್ಲಿ ಪ್ರಕಟಿಸಿ, 2009ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ಸಾಧಿಸಿದ ಪರಿಹಾರವೊಂದಿದೆ. ಸಂಬಂಧವೇ ಇಲ್ಲದ ಇನ್ನೊಬ್ಬ ಅನುವಾದಕನಿಂದ ಆ ಕಂಪೈಲರ್‌ನ ಮೂಲವನ್ನು ಅನುವಾದ ಮಾಡಿಸಿ, ಹೀಗೆ ಹುಟ್ಟಿದ ಕಂಪೈಲರಿನಿಂದ ಅದೇ ಮೂಲವನ್ನು ಮತ್ತೊಮ್ಮೆ ತಿರುಗಿಸಿ, ಕೊನೆಗೆ ಬಂದದ್ದನ್ನು ಅನುಮಾನವಿರುವ ಪ್ರತಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು. ಅದನ್ನು ಓದಿದ ದಿನ ನನಗೆ ನಮ್ಮ ನಡುಮನೆಯ ನೆನಪಾಯಿತು. ಮೇಷ್ಟ್ರಿಗೂ ಮೂರನೆಯ ತರಗತಿಯ ಹುಡುಗನಿಗೂ ಒಂದೇ ತಪ್ಪಿನಲ್ಲಿ ಪಾಲಿರಲು ಕಾರಣವಿಲ್ಲ ಎಂಬುದು ಅಜ್ಜಿಗೆ ಎಂದೋ ತಿಳಿದಿತ್ತು.

ವಿಮಾನದ ಪ್ರೋಗ್ರಾಮುಗಳಿಗೆ ಇಂದು ಲೋಕದ ಹಲವು ದೇಶಗಳು ಒಪ್ಪಿಕೊಂಡಿರುವ ಡಿಒ-178ಸಿ ಎಂಬ ನಿಯಮಾವಳಿ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಪ್ರೋಗ್ರಾಮು ಕೆಟ್ಟರೆ ಆಗುವ ಅನಾಹುತದ ಪ್ರಮಾಣಕ್ಕೆ ತಕ್ಕಂತೆ ಎ ಇಂದ ಇ ವರೆಗೆ ಐದು ದರ್ಜೆಗಳು. ವಿಮಾನವೇ ನಾಶವಾಗಬಹುದಾದಂಥ ಎ ದರ್ಜೆಯಲ್ಲಿ ಮೂಲಪಠ್ಯ ಸರಿಯಿದೆಯೆಂದು ತೋರಿಸಿದರೆ ಸಾಲದು. ಅನುವಾದದಲ್ಲಿ ಮೂಲದ ಯಾವ ಸಾಲಿಗೂ ನೇರವಾಗಿ ಸೇರದ ಯಂತ್ರವಾಕ್ಯವೇನಾದರೂ ಹುಟ್ಟಿದ್ದರೆ, ಅದೇಕೆ ಬಂತು, ಅದೇನು ಮಾಡುತ್ತದೆ ಎಂಬುದನ್ನು ಬೇರೆಯಾಗಿ ಪರಿಶೀಲಿಸಬೇಕು. ಅತ್ಯಂತ ಕೆಟ್ಟ ಸಂದರ್ಭದಲ್ಲಿ ಎಷ್ಟು ಹೊತ್ತು ಹಿಡಿಯುವುದೆಂಬುದನ್ನೂ ತೋರಿಸಬೇಕು. ಈ ಹೊತ್ತಿನ ಲೆಕ್ಕ ಮೇಜಿನ ಯಂತ್ರದಲ್ಲಿ ಸಿಗುವಂಥದಲ್ಲ. ಆಯಾ ಯಂತ್ರದ್ದು ಆಯಾ ಯಂತ್ರದಲ್ಲಿಯೇ.

ಯಂತ್ರ ಕೈಗೆಟುಕದಷ್ಟು ದೂರವಾದಾಗ ಏನು ಮಾಡಬೇಕೆಂಬುದಕ್ಕೆ 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ಪಾತ್‌ಫೈಂಡರ್ ನೌಕೆಯದು ಒಳ್ಳೆಯ ದೃಷ್ಟಾಂತ. ಇಳಿದ ಕೆಲವು ದಿನಗಳಲ್ಲಿ ಅದರ ಗಣಕ ತನ್ನಷ್ಟಕ್ಕೆ ನಿಂತು ಮತ್ತೆ ಆರಂಭವಾಗತೊಡಗಿತು. ಹವೆಯ ಅಳತೆಗಳನ್ನು ನೋಡಿಕೊಳ್ಳುವ ಕೆಳದರ್ಜೆಯ ಕೆಲಸವೊಂದು ತೂಬಿನ ಕೀಲಿಯನ್ನು ಹಿಡಿದಿತ್ತು. ಅದಕ್ಕಿಂತ ಬಹಳ ಮುಖ್ಯವಾದ ಕೆಲಸವೊಂದು ಆ ಕೀಲಿಗಾಗಿ ಕಾದಿತ್ತು. ನಡುವಿನ ದರ್ಜೆಯವು ಕೆಳಗಿನದನ್ನು ಮುಂದುವರಿಯಲು ಬಿಡುತ್ತಿರಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡು ಯಂತ್ರ ತನ್ನನ್ನು ಹೊಸದಾಗಿ ಆರಂಭಿಸಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯದಲ್ಲಿದ್ದ ಇಂಜಿನಿಯರರು ಇದನ್ನು ಪತ್ತೆಹಚ್ಚಿದ್ದು ಅಲ್ಲಿ ಉಳಿಸಿಕೊಂಡಿದ್ದ ನೌಕೆಯ ಅವಳಿಯ ಮೇಲೆ, ಅದೇ ಪ್ರೋಗ್ರಾಮನ್ನು ಓಡಿಸಿ. ಕೀಲಿ ಹಿಡಿದವನಿಗೆ ಕಾದವನ ದರ್ಜೆಯನ್ನೇ ಸದ್ಯಕ್ಕೆ ಕೊಡುವ ಏರ್ಪಾಡು ಆ ಆಪರೇಟಿಂಗ್ ಸಿಸ್ಟಂನಲ್ಲಿ ಮೊದಲೇ ಇತ್ತು. ಭೂಮಿಯಿಂದ ಸಂದೇಶ ಕಳುಹಿಸಿ ಅದನ್ನು ಜಾರಿಗೆ ತಂದರು.

ನಮ್ಮ ದೇಶದ್ದೂ ಎರಡು ಮಾತು ಹೇಳಬೇಕು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿ ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದಲ್ಲಿ ಚಾಲಕನ ಕೈಗೂ ರೆಕ್ಕೆಯ ಪಟ್ಟಿಗಳಿಗೂ ನಡುವೆ ನಿಂತದ್ದು ನಾಲ್ಕು ಸಮಾನ ವಾಹಿನಿಗಳ ಗಣಕವ್ಯವಸ್ಥೆ. ಆ ದಿನ ಹಾರಾಟವನ್ನು ಕಂಡ ನಮ್ಮಂಥವರು ವಿಮಾನವನ್ನೆಷ್ಟು ನೋಡಿದೆವೋ ಅದರೊಳಗಿನ ಕಾಣದ ಪಠ್ಯವನ್ನೂ ಅಷ್ಟೇ ನೆನೆದೆವು. ಇನ್ನು 2025ರ ಮಾರ್ಚ್‌ನಲ್ಲಿ ಇಸ್ರೋ ಸಂಸ್ಥೆ ರಾಕೆಟ್ಟುಗಳಿಗಾಗಿ ಚಂಡೀಗಢದ ಪ್ರಯೋಗಾಲಯದೊಡನೆ ಕೂಡಿ ಮಾಡಿದ ವಿಕ್ರಮ್ 3201 ಎಂಬ ಚಿಪ್ಪಿನ ಮೊದಲ ಕಂತನ್ನು ಪಡೆಯಿತು. ಪತ್ರಿಕೆಗಳು ಚಿಪ್ಪಿನ ಚಿತ್ರವನ್ನು ಅಚ್ಚುಹಾಕಿದವು. ನನ್ನ ಕಣ್ಣು ನಿಂತದ್ದು ಸುದ್ದಿಯ ಕೆಳಗಿನ ಒಂದು ಸಾಲಿನ ಮೇಲೆ: ಅದಕ್ಕೆ ಬೇಕಾದ ಆಡಾ ಭಾಷೆಯ ಕಂಪೈಲರನ್ನೂ ಅವರೇ ಕಟ್ಟಿದ್ದರು. ಹೊಸ ಯಂತ್ರವೆಂದರೆ ಹೊಸ ಭಾಷೆ. ಆ ಭಾಷೆ ಬಲ್ಲ ಅನುವಾದಕನನ್ನು ಬೇರೊಂದು ಯಂತ್ರದಲ್ಲಿ ಮೊದಲೇ ಸಿದ್ಧಗೊಳಿಸದಿದ್ದರೆ ಅದು ಮಾತುಬಾರದ ಕೂಸು.

ನಾನೀಗ ನಿವೃತ್ತ. ಈ ಕಸಬಿಗೆ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅವರ ಸಾಧನಗಳು ನಮ್ಮವಕ್ಕಿಂತ ಎಷ್ಟೋ ಮೇಲು. ಮೇಜಿನ ಯಂತ್ರದೊಳಗೇ ದೂರದ ಯಂತ್ರವನ್ನು ಹೂಬೇಹೂಬು ನಟಿಸಿ ತೋರಿಸುವ ಪ್ರೋಗ್ರಾಮುಗಳು ಸುಲಭವಾಗಿ ಸಿಗುತ್ತವೆ. ಪ್ರೋಗ್ರಾಮು ಬರೆದುಕೊಡುವುದಕ್ಕೂ ಯಂತ್ರಗಳು ಬಂದಿವೆ. ಯಾರನ್ನೂ ನಂಬಬೇಡಿ ಎಂದು ನಾನು ಅವರಿಗೆ ಹೇಳುವುದಿಲ್ಲ. ನಂಬಿಕೆಯಿಲ್ಲದೆ ಇಷ್ಟು ದೊಡ್ಡ ಕೆಲಸ ಒಂದು ದಿನವೂ ಸಾಗದು. ಅಜ್ಜಿ ಮೇಷ್ಟ್ರನ್ನು ನಂಬಿಯೇ ಇದ್ದರು, ಕೊನೆಯವರೆಗೂ ಅವರಿಂದಲೇ ಬರೆಸಿದರು. ನಾನು ಹೇಳುವುದು ಇಷ್ಟೆ: ರುಜು ಹಾಕುವ ಮೊದಲು ನೀವು ನೋಡಿದ್ದು ಯಾವುದನ್ನು ಎಂದು ಕೇಳಿಕೊಳ್ಳಿ. ನಿಮ್ಮ ಮನಸ್ಸಿನಲ್ಲಿದ್ದದ್ದನ್ನೋ, ನೀವು ಬರೆದದ್ದನ್ನೋ, ಅನುವಾದಕ ಬರೆದುಕೊಟ್ಟದ್ದನ್ನೋ, ಅಥವಾ ಮೇಲಕ್ಕೆ ಹೋಗುವುದನ್ನೋ? ನಾಲ್ಕೂ ಒಂದೇ ಎಂದು ತೋರುವ ದಿನವೇ ಉಪಕರಣವನ್ನು ಪೆಟ್ಟಿಗೆಯೊಳಗಿಟ್ಟು ಸೊನ್ನೆಯ ಕೆಳಕ್ಕೆ ಇಳಿಸಿ ನೋಡಬೇಕು.

ಆ ವರ್ಷ ಚಿಕ್ಕಪ್ಪ ಗೌರಿ ಹಬ್ಬಕ್ಕೆ ಬಂದರು. “ಈ ಸಲ ಬರಲೇಬೇಕು ಅಂತ ಬರೆಸಿದ್ದೆಯಲ್ಲಮ್ಮ, ಏನೋ ಎಂದುಕೊಂಡು ರಜೆ ಹಾಕಿ ಬಂದೆ” ಎಂದರು. ಅಜ್ಜಿ ಏನೂ ಹೇಳದೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು.